ಹಿಂದಿನ ಸೀಟು

ಅವನ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಮೆಲ್ಲಣ್ಣ. ಕಾರನ್ನು ಅಷ್ಟು ಮೆಲ್ಲಗೆ ಓಡಿಸುತ್ತಿದ್ದ. ಸೈಕಲ್ಲಿನವರು ಅವನನ್ನು ಹಿಂದೆ ಹಾಕುವಾಗ ಬೇಕೆಂದೇ ಬೆಲ್ಲು ಬಾರಿಸಿ ಹಲ್ಲು ಕಿರಿಯುತ್ತಿದ್ದರು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. "ಹೋಗ್ರಪ್ಪ ಹೋಗಿ, ನೀವು ಮುಂದೆ ಹೋಗಿ ಬಾಗಿಲು ತೆಗೆದಿಡಿ, ನಾನು ಆಮೇಲೆ ಬಂದು ಕೂತ್ಕೋತೀನಿ" ಎನ್ನುತ್ತಿದ್ದ.

ಅವನು ಹಳದಿ ಗೇಟಿನ ಮನೆಯ ಡ್ರೈವರು. ಮೀಸೆ ಕಪ್ಪಗಿದ್ದಾಗ ಸೇರಿದವನು, ಮೀಸೆ ಬೆಳ್ಳಗಾಗಿ, ಕೊನೆಗೆ ಮೀಸೆಯೇ ಬೇಡವೆಂದು ಬೋಳಿಸಿಕೊಂಡ ಮೇಲೂ ಅಲ್ಲೇ ಇದ್ದ. ಕೆಲಸಕ್ಕೆ ಸೇರಿದ ದಿನ ಹಿರಿಯ ಯಜಮಾನರು ಅವನನ್ನು ಅಂಗಳಕ್ಕೆ ಕರೆದು ಒಂದು ಮಾತು ಹೇಳಿದ್ದರು.

"ನೋಡಪ್ಪ, ಮುಂದಿನ ಸೀಟು ನಿಂದು. ಹಿಂದಿನ ಸೀಟು ಇನ್ನೊಬ್ಬರ ಮನೆ ಇದ್ದ ಹಾಗೆ. ಬಾಗಿಲು ತೆಗಿ, ಹಿಡ್ಕೊ, ಮುಖ ರಸ್ತೆ ಕಡೆ ಇಟ್ಕೊ. ಹತ್ತೋರನ್ನ ಇಳಿಯೋರನ್ನ ಕಣ್ಣು ಬಿಟ್ಟು ನೋಡ್ತಾ ನಿಲ್ಲಬಾರದು. ಒಳಗೆ ಇಣುಕಲೂಬಾರದು."

ಯಜಮಾನರು ತೀರಿಕೊಂಡು ಎಷ್ಟೋ ಕಾಲವಾದರೂ ಮೆಲ್ಲಣ್ಣ ಆ ಮಾತನ್ನು ಮೀರಿರಲಿಲ್ಲ. ಕಾರಿನೊಳಗಿನ ಕನ್ನಡಿಯನ್ನು ಕೊಂಚ ಮೇಲಕ್ಕೆ ತಿರುಗಿಸಿಟ್ಟಿದ್ದ. ಅದರಲ್ಲಿ ಹಿಂಬದಿಯ ಗಾಜು ಕಾಣುತ್ತಿತ್ತು, ಹಿಂದೆ ಬರುವ ವಾಹನ ಕಾಣುತ್ತಿತ್ತು, ಕೂತವರ ತಲೆಗೂದಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಿಂದಿನ ಸೀಟನ್ನು ಒರೆಸುವಾಗಲೂ ಹೊರಗೆ ನಿಂತು, ಬಾಗಿಲಿನಿಂದ ಬಗ್ಗಿ, ಕೈ ಚಾಚಿ ಒರೆಸುತ್ತಿದ್ದನೇ ಹೊರತು ಒಂದು ಸಲವೂ ಅದರ ಮೇಲೆ ಕೂತವನಲ್ಲ. ತಾನು ಇದ್ದದ್ದೇ ಹೀಗೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಮನೆಯಲ್ಲಿ ಹಳೆಯ ಕಾಲದ ಕಾರುಗಳು ಎರಡು. ಎರಡೂ ಬೇರೆ ಬೇರೆ ಕಂಪನಿಯವು. ಒಂದು ಕಾಲದಲ್ಲಿ ಆ ಎರಡು ಕಂಪನಿಗಳವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ಮೊದಲನೆಯದು ಬೂದು ಬಣ್ಣದ್ದು. ಮೂತಿಯೂ ದುಂಡಗೆ, ಬೆನ್ನೂ ದುಂಡಗೆ, ತಲೆ ಎತ್ತರ. ಮನೆಮಂದಿ ಅದಕ್ಕೆ ಮಡಕೆ ಎಂದು ಹೆಸರಿಟ್ಟಿದ್ದರು. ಇನ್ನೊಂದು ನೀಲಿ. ಉದ್ದಕ್ಕೆ ಮಲಗಿದ ಹಾಗೆ ಇರುತ್ತಿತ್ತು, ನೆಲಕ್ಕೆ ಹತ್ತಿರ, ಹಿಂಬದಿಯಲ್ಲಿ ಎರಡು ಚೂಪು ರೆಕ್ಕೆ. ಅದು ದೋಣಿ. ಮಡಕೆಯದು ಸ್ಟೀರಿಂಗು ಕಲ್ಲಿನಷ್ಟು ಭಾರ, ಗೇರು ಸ್ಟೀರಿಂಗಿನ ಕೆಳಗೆ. ದೋಣಿಯದು ಬೆರಳಿಟ್ಟರೆ ತಿರುಗುವ ಸ್ಟೀರಿಂಗು, ಗೇರು ಬೆಣ್ಣೆಯಲ್ಲಿ ಕೈ ಹಾಕಿದಂತೆ.

ಪೆಟ್ರೋಲ್ ಬಂಕಿನಲ್ಲಿ ಸೇರುವ ಹಳೆಯ ಡ್ರೈವರುಗಳಲ್ಲಿ ಎರಡು ಪಕ್ಷ.

"ಮಡಕೆ ಅನ್ನೋದು ಕಾರಲ್ಲ ಕಣಯ್ಯ, ಗಾಲಿ ಹಾಕಿದ ಮನೆ."

"ಮನೆಯೇ. ಅದನ್ನ ತಿರುಗಿಸೋಕೆ ಮನೆಮಂದಿಯೆಲ್ಲ ಬರ್ಬೇಕು!"

"ನಿಮ್ಮ ದೋಣಿಯೇನು ಕಮ್ಮಿನಾ? ಮಳೆಗಾಲದಲ್ಲಿ ಹೆಸರಿಗೆ ತಕ್ಕ ಹಾಗೆ ಒಳಗೆಲ್ಲ ನೀರು."

ಮೆಲ್ಲಣ್ಣ ಎರಡನ್ನೂ ಸಾಕಿದವನು. ಹಾಗಾಗಿ ಅವನು ಯಾವ ಪಕ್ಷಕ್ಕೂ ಸೇರದೆ ಟೀ ಕುಡಿಯುತ್ತ ನಗುತ್ತಿದ್ದ.

ಈಗ ಮನೆಯ ಯಜಮಾನಿಕೆ ಮಗನದು. ಅವರು ಹಲ್ಲಿನ ಡಾಕ್ಟರು, ಓಡಾಡುವುದು ತಮ್ಮದೇ ಹೊಸ ಪುಟ್ಟ ಕಾರಿನಲ್ಲಿ. ಹಳೆಯ ಕಾರುಗಳು ಇದ್ದದ್ದು ಅವರ ತಾಯಿಗಾಗಿ. ಆಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆಗೆ ಇದ್ದದ್ದು ಒಂದೇ ಓಡಾಟ. ವಾರಕ್ಕೊಮ್ಮೆ ಊರಿನ ಆ ತುದಿಗೆ, ಬೇಕರಿಯ ಹಿಂದಿನ ಮನೆಗೆ, ತಂಗಿಯನ್ನು ನೋಡಲು ಹೋಗುವುದು. ತಂಗಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕಿವಿಯೂ ದೂರ, ಹಾಗಾಗಿ ಫೋನು ಇದ್ದೂ ಇಲ್ಲದ ಹಾಗೆ. ದೊಡ್ಡಮ್ಮ ಹೋಗಿ ಮಂಚದ ಪಕ್ಕ ಕೂತು, ಕಿವಿಗೆ ಬಾಯಿಟ್ಟು ಕೂಗಬೇಕು. ಆಗ ಇಬ್ಬರೂ ನಗುತ್ತಿದ್ದರು, ಜಗಳವಾಡುತ್ತಿದ್ದರು, ಮತ್ತೆ ನಗುತ್ತಿದ್ದರು. ಆ ಓಡಾಟಕ್ಕೆ ಹೆಚ್ಚಾಗಿ ಹೊರಡುತ್ತಿದ್ದದ್ದು ಮಡಕೆ.

ಹೀಗಿರುವಾಗ ರಸ್ತೆ ಅಗಲ ಮಾಡುವವರು ಬಂದು ಮನೆಯ ಒಂದು ಶೆಡ್ಡಿಗೆ ಗುರುತು ಹಾಕಿ ಹೋದರು. ಎರಡು ಕಾರಿಗೆ ಜಾಗವಿಲ್ಲವಾಯಿತು.

"ಮೆಲ್ಲಣ್ಣ, ಒಂದು ಕಾರು ಕೊಟ್ಟುಬಿಡ್ಬೇಕು" ಎಂದರು ಡಾಕ್ಟರು. "ನನಗೆ ಹಲ್ಲು ಗೊತ್ತು, ಕಾರು ಗೊತ್ತಿಲ್ಲ. ಯಾವುದನ್ನ ಕೀಳ್ಬೇಕು, ಯಾವುದನ್ನ ಉಳಿಸ್ಬೇಕು, ನೀನೇ ಹೇಳು."

"ಅಯ್ಯೋ, ಹೇಳೋಕೆ ನಾನ್ಯಾರು ಡಾಕ್ಟ್ರೇ?"

"ನೀನಲ್ದೆ ಇನ್ಯಾರು? ಎರಡನ್ನೂ ಕಂಡೋನು ನೀನೊಬ್ನೇ. ನೀನು ಹೇಳಿದ್ದೇ ಕೊನೆ."

ಆ ಮಾತಿಗೆ ಮೆಲ್ಲಣ್ಣ ಒಂದು ಗೇಣು ಎತ್ತರವಾದ. ಎರಡೂ ಕಾರುಗಳನ್ನು ಅಂಗಳಕ್ಕೆ ತಂದು ಅಕ್ಕಪಕ್ಕ ನಿಲ್ಲಿಸಿದ. ಬಾನೆಟ್ಟು ಎತ್ತಿ ನೋಡಿದ, ಕೆಳಗೆ ಮಲಗಿ ನೋಡಿದ. ಒಂದೊಂದನ್ನೂ ಅದೇ ದಾರಿಯಲ್ಲಿ, ಅದೇ ದಿಬ್ಬ ಹತ್ತಿಸಿ, ಅದೇ ಇಳಿಜಾರಿನಲ್ಲಿ ಬ್ರೇಕು ಹಿಡಿದು ನೋಡಿದ. ಮಡಕೆ ದಿಬ್ಬದಲ್ಲಿ ಏದುಸಿರು ಬಿಟ್ಟರೂ ನಿಲ್ಲಲಿಲ್ಲ. ದೋಣಿ ನಗುನಗುತ್ತ ಹತ್ತಿತು, ಆದರೆ ಗುಂಡಿ ಬಂದಾಗಲೆಲ್ಲ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡಿತು. ಮಡಕೆಯ ಬಿಡಿಭಾಗ ಬೇಕೆಂದರೆ ಬೇರೆ ಊರಿಗೆ ಹೇಳಿ ಕಳಿಸಬೇಕು, ದೋಣಿಯದು ಇಲ್ಲೇ ಸಿಗುತ್ತದೆ. ಹೀಗೆ ಎಲ್ಲವನ್ನೂ ತೂಗಿ ನೋಡಿದ.

ಆದರೆ ತೂಗುವಾಗ ತಕ್ಕಡಿಯ ಮೇಲೆ ಇನ್ನೊಂದು ಕೂತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅದು ಅವನ ಬಲ ಭುಜ. ಮಾರುಕಟ್ಟೆಯ ಇಕ್ಕಟ್ಟು ತಿರುವಿನಲ್ಲಿ ಮಡಕೆಯ ಸ್ಟೀರಿಂಗು ಎಳೆಯುವಾಗ ಭುಜದಿಂದ ಮೊಣಕೈವರೆಗೆ ಕಾದ ತಂತಿ ಹಾಯಿಸಿದಂತಾಗುತ್ತಿತ್ತು. ಬಾಯಿಬಿಟ್ಟರೆ ಎಲ್ಲಿ "ವಯಸ್ಸಾಯ್ತು, ಮನೇಲಿರು" ಎಂದುಬಿಡುತ್ತಾರೋ ಎಂದು ಬಾಯಿ ಹೊಲಿದುಕೊಂಡಿದ್ದ.

"ದೋಣಿ ಇರ್ಲಿ ಡಾಕ್ಟ್ರೇ" ಎಂದ. "ಬಿಡಿಭಾಗ ಸಿಗತ್ತೆ, ಪೆಟ್ರೋಲೂ ಕಮ್ಮಿ ಕುಡಿಯತ್ತೆ."

ಫೋಟೋ ಸ್ಟುಡಿಯೋದವನೊಬ್ಬ ಬಂದು ಮಡಕೆಯನ್ನು ಒಯ್ದ. ಅದು ಗೇಟು ದಾಟುವಾಗ ದೊಡ್ಡಮ್ಮ ಕೋಲೂರಿಕೊಂಡು ಜಗಲಿಯಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ. ಮೆಲ್ಲಣ್ಣ ಅದನ್ನು ಒಪ್ಪಿಗೆ ಎಂದುಕೊಂಡ.

ಆಮೇಲೆ ಕೆಲವು ವಾರ ದೋಣಿಯಲ್ಲೇ ತಂಗಿಯ ಮನೆಗೆ ಹೋಗಿ ಬಂದದ್ದಾಯಿತು. ಆಮೇಲೆ ಒಂದು ವಾರ ದೊಡ್ಡಮ್ಮ "ಇವತ್ತು ಬೇಡ ಬಿಡೋ, ಸೊಂಟ ಹಿಡ್ಕೊಂಡಿದೆ" ಎಂದರು. ಮುಂದಿನ ವಾರ ಮಂಡಿ. ಅದರ ಮುಂದಿನ ವಾರ ಯಾವ ಕಾರಣವನ್ನೂ ಹೇಳಲಿಲ್ಲ. ತನ್ನ ಕಾರಿನಲ್ಲಿ ಕರೆದೊಯ್ಯಲೇ, ಬಾಡಿಗೆ ಕಾರು ತರಿಸಲೇ ಎಂದು ಮಗ ಕೇಳಿದರೆ, "ಕಾರು ಹತ್ತೋ ಕಾಲ ಮುಗೀತಪ್ಪ ನಂದು" ಎಂದು ಕೈಯಾಡಿಸಿಬಿಟ್ಟರು. ತಂಗಿಯ ಮನೆಗೆ ಹಣ್ಣು ಕೊಟ್ಟು ಬರಲು ಮೆಲ್ಲಣ್ಣನೊಬ್ಬನೇ ಹೋಗುತ್ತಿದ್ದ. ಬಾಗಿಲಲ್ಲೇ ತಂಗಿಯ ಸೊಸೆಯ ಕೈಗೆ ಚೀಲ ಕೊಟ್ಟು, "ದೊಡ್ಡಮ್ಮಂಗೆ ಹುಷಾರಿಲ್ಲ" ಎಂದು ಹೇಳಿ ಬರುತ್ತಿದ್ದ. ಎರಡು ವರ್ಷ ಹೀಗೇ ಕಳೆಯಿತು. ವಯಸ್ಸಾದವರು, ಪಾಪ, ಎಂದು ಅವನೂ ಸುಮ್ಮನಿದ್ದ.

ಒಂದು ದಿನ ದೋಣಿಯ ಹಿಂಬದಿಯಲ್ಲಿ ಕಟಕಟ ಎಂದು ಸದ್ದು ಶುರುವಾಯಿತು. ಗ್ಯಾರೇಜಿನ ಮೇಸ್ತ್ರಿ ಸುತ್ತಲೂ ತಟ್ಟಿ ನೋಡಿ, "ನಿಂತಲ್ಲಿ ಗೊತ್ತಾಗಲ್ಲ. ನಾನು ಓಡಿಸ್ತೀನಿ, ನೀನು ಹಿಂದೆ ಕೂತ್ಕೊಂಡು ಎಲ್ಲಿಂದ ಬರತ್ತೆ ಕೇಳು" ಎಂದ.

"ನಾನು ಹಿಂದೆ ಕೂರಲ್ಲ."

"ಯಾಕೆ, ಮುಳ್ಳಿದ್ಯಾ? ಕೂತ್ಕೊಳ್ಳೋ ಮಾರಾಯ, ಸಾಹೇಬನ ಹಾಗೆ. ನಾನು ಬೇಕಾದ್ರೆ ಬಾಗಿಲು ಹಿಡೀತೀನಿ."

ಮೇಸ್ತ್ರಿ ಹೇಳಿದಂತೆಯೇ ಬಾಗಿಲು ಹಿಡಿದು, ಸಲಾಮು ಹೊಡೆದು ನಿಂತ. ಬೇರೆ ದಾರಿಯಿಲ್ಲದೆ ಮೆಲ್ಲಣ್ಣ ಬಗ್ಗಿದ. ಮೊದಲು ಹಣೆ ಬಾಗಿಲಿನ ಮೇಲಂಚಿಗೆ ಬಡಿಯಿತು. ಇನ್ನಷ್ಟು ಬಗ್ಗಿ ಕಾಲಿಟ್ಟ. ಹಿಂದಿನ ಚಕ್ರದ ಉಬ್ಬು ಬಾಗಿಲನ್ನು ಅರ್ಧ ನುಂಗಿತ್ತು, ಕಾಲು ಅಲ್ಲಿ ಸಿಕ್ಕಿಕೊಂಡಿತು. ಕೂರಲು ಹೋದರೆ ಸೀಟು ಸಿಗಲೇ ಇಲ್ಲ. ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಕುಸಿದು, ದಪ್ಪೆಂದು ಬಿದ್ದ. ಮಂಡಿಗಳು ಎದೆಯ ಹತ್ತಿರ ಬಂದವು. ಹಿಡಿದುಕೊಳ್ಳಲು ಎಲ್ಲಿಯೂ ಒಂದು ಹಿಡಿ ಇರಲಿಲ್ಲ. ಗಾಜಿನ ಹಿಡಿಕೆ ತಿರುಗಿಸಿದರೆ ಗಾಜು ಅರ್ಧಕ್ಕೇ ನಿಂತಿತು. ಕಾರು ಹೊರಟಿತು. ಮೊದಲನೇ ಗುಂಡಿಗೆ ಅವನು ಎಗರಿ ತಲೆ ಚಾವಣಿಗೆ ಬಡಿಸಿಕೊಂಡ, ಎರಡನೇ ಗುಂಡಿಗೆ ಬೆನ್ನುಮೂಳೆಗಳು ಒಂದರ ಮೇಲೊಂದು ಕೂತಂತಾಯಿತು. ಮುಂದಿನ ಸೀಟಿನಲ್ಲಿ ತೊಟ್ಟಿಲಿನಂತಿದ್ದ ಕಾರು ಅದೇನಾ ಇದು ಎಂದು ಅವನಿಗೆ ನಂಬಿಕೆಯೇ ಬರಲಿಲ್ಲ.

ಸುತ್ತು ಹೊಡೆದು ಗ್ಯಾರೇಜಿಗೆ ಬಂದಾಗ ಇಳಿಯಲು ಆಗಲಿಲ್ಲ. ಬಾಗಿಲ ಕಂಬ ಹಿಡಿದು ಎಳೆದ, ಭುಜ ಕಿರುಚಿತು. ಮೇಸ್ತ್ರಿ ಕೈಕೊಟ್ಟು ಎಬ್ಬಿಸಬೇಕಾಯಿತು.

"ಎಲ್ಲಿಂದ ಬಂತು ಸದ್ದು?"

"ಕೇಳ್ಲೇ ಇಲ್ಲ ಕಣೋ."

"ಮತ್ತೆ ಅಷ್ಟೊತ್ತು ಹಿಂದೆ ಕೂತು ಏನು ಮಾಡ್ತಿದ್ದೆ, ಊರು ನೋಡ್ತಿದ್ಯಾ?"

ಮೆಲ್ಲಣ್ಣ ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂತುಬಿಟ್ಟ. ಅವನ ಸೊಂಟ ಗಟ್ಟಿ, ಮಂಡಿ ಗಟ್ಟಿ. ಅವನಿಗೇ ಹೀಗಾದರೆ, ಕೋಲೂರಿ ನಡೆಯುವ ಆ ಹೆಂಗಸಿಗೆ ಏನಾಗಿರಬೇಡ? ಆ ಕೆಲವು ವಾರ ಆಕೆ ಹೇಗೆ ಹತ್ತಿದ್ದರು, ಹೇಗೆ ಇಳಿದಿದ್ದರು? ಬಾಗಿಲು ಹಿಡಿದು ಪಕ್ಕದಲ್ಲೇ ನಿಂತಿದ್ದವನು ಅವನೇ. ಮುಖ ಮಾತ್ರ ರಸ್ತೆಯ ಕಡೆ. ಎರಡು ಕಾರುಗಳನ್ನೂ ಅಡಿಯಿಂದ ಮುಡಿಯವರೆಗೆ ಬಲ್ಲೆ ಎಂದುಕೊಂಡವನು ಬಲ್ಲದ್ದು ಮುಂದಿನ ಅರ್ಧ ಕಾರನ್ನು ಮಾತ್ರ.

ಮನೆಗೆ ಬಂದು ಊಟಕ್ಕೆ ಕೂತವನು ಅನ್ನ ಕಲಸಿ ಹಾಗೇ ಬಿಟ್ಟ. ಹೆಂಡತಿ ತಟ್ಟೆ ನೋಡಿದಳು, ಅವನ ಮುಖ ನೋಡಿದಳು.

"ಏನ್ರೀ, ಯಾರನ್ನಾದ್ರೂ ಗುದ್ದಿ ಬಂದ್ರಾ?"

"ಹೂಂ. ಗುದ್ದಿ ಎರಡು ವರ್ಷ ಆಯ್ತು. ಇವತ್ತು ಗೊತ್ತಾಯ್ತು."

ಎಲ್ಲ ಕೇಳಿ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹೋಗಿ ಹೇಳ್ಬಿಡಿ. ನೀವು ಮುಖ ಊದಿಸ್ಕೊಂಡು ಮನೇಲಿ ಕೂತ್ರೆ ಆಯಮ್ಮನ ಸೊಂಟ ನೆಟ್ಟಗಾಗತ್ತಾ?" ಎಂದಳು.

ಹೇಳಲು ಧೈರ್ಯ ಬರಲಿಲ್ಲ. ಹೇಳದೆಯೇ ಸರಿಮಾಡಿಬಿಡಬಹುದೇನೋ ಎಂದು ಆಸೆಪಟ್ಟ. ಬಡಗಿಯಿಂದ ಒಂದು ಮರದ ಮೆಟ್ಟಿಲು ಮಾಡಿಸಿದ. ದಪ್ಪನೆಯ ದಿಂಬೊಂದನ್ನು ಹೊಲಿಸಿ ಹಿಂದಿನ ಸೀಟಿಗೆ ಹಾಕಿದ. "ದೊಡ್ಡಮ್ಮ, ಒಂದು ಸಲ ಕೂತು ನೋಡಿ, ಹಿತವಾಗಿದೆ" ಎಂದು ಬಲವಂತ ಮಾಡಿ ಅಂಗಳಕ್ಕೆ ಕರೆತಂದ. ಅವತ್ತು ಬಾಗಿಲು ಹಿಡಿದು, ಮೊದಲ ಸಲ, ಅವನು ರಸ್ತೆಯ ಕಡೆ ತಿರುಗಲಿಲ್ಲ.

ಆಕೆ ಮೆಟ್ಟಿಲ ಮೇಲೆ ಕಾಲಿಟ್ಟರು. ಮೆಟ್ಟಿಲಿನಿಂದ ಎತ್ತರವಾದದ್ದಕ್ಕೆ ಇನ್ನೂ ಹೆಚ್ಚು ಬಗ್ಗಬೇಕಾಯಿತು. ಬಗ್ಗುವಾಗ ತುಟಿ ಕಚ್ಚಿಕೊಂಡರು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಸಿಗದೆ ಅವನ ತೋಳನ್ನೇ ಹಿಡಿಯಿತು. ದಿಂಬಿನ ಮೇಲೆ ಕೂತರೆ ತಲೆ ಚಾವಣಿಗೆ ತಾಗಿತು, ಕತ್ತು ಓರೆ ಮಾಡಿಕೊಂಡು ಕೂತರು. ಹಣೆಯ ಮೇಲೆ ಬೆವರು ಮೂಡಿತ್ತು. ಆಕೆ ಅವನನ್ನು ನೋಡಿದರು.

"ಏನೋ ಇದು, ಇವತ್ತು ನನ್ನ ಮುಖಾನೇ ನೋಡ್ತಾ ನಿಂತಿದ್ದೀಯಾ?"

ಮೆಲ್ಲಣ್ಣನ ಕಣ್ಣು ತುಂಬಿತು. "ತಪ್ಪಾಯ್ತು ದೊಡ್ಡಮ್ಮ."

"ನೋಡಿದ್ದಕ್ಕೆ ತಪ್ಪೇನು ಬಂತು?"

"ನೋಡಿದ್ದಕ್ಕಲ್ಲ. ಇಷ್ಟು ದಿನ ನೋಡದೆ ಇದ್ದಿದ್ದಕ್ಕೆ."

ಆಕೆಯನ್ನು ಇಳಿಸಿ, ಜಗಲಿಯಲ್ಲಿ ಕೂರಿಸಿ, ತಾನು ಕೆಳಗೆ ನಿಂತು ಎಲ್ಲವನ್ನೂ ಹೇಳಿದ. ಡಾಕ್ಟರು ತನ್ನನ್ನು ಕೇಳಿದ್ದು, ತಾನು ಮುಂದೆ ಕೂತೇ ಎರಡನ್ನೂ ತೂಗಿದ್ದು, ಭುಜದ ನೋವನ್ನು ಬಚ್ಚಿಟ್ಟಿದ್ದು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ಕೋಲಿನ ತುದಿಯನ್ನೇ ನೋಡುತ್ತಾ ಕೇಳಿದರು.

"ಹಾಗಾದ್ರೆ, ನನ್ನ ಸೊಂಟ ಕೆಟ್ಟಿದ್ದಲ್ವಾ?"

"ಅಲ್ಲ ದೊಡ್ಡಮ್ಮ. ಕಾರು."

"ನಾನು ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ ಕಣೋ. ಕಾರು ಹತ್ತೋಕಾಗದೋಳು ಇನ್ನೇನಕ್ಕೆ ಅಂತ, ಒಂದೊಂದೇ ಬಿಟ್ಟೆ. ಮೊದಲು ಅವಳ ಮನೆ ಬಿಟ್ಟೆ, ಆಮೇಲೆ ಗೇಟಿನ ತನಕ ನಡೆಯೋದು ಬಿಟ್ಟೆ." ಆಕೆಯ ದನಿ ಗಟ್ಟಿಯಾಯಿತು. "ಅವನು ನಿನ್ನ ಕೇಳ್ದ, ಸರಿ. ನನ್ನ ಮಗ, ಅವನಿಗೆ ಬಾಯೊಳಗಿರೋದು ಬಿಟ್ರೆ ಬೇರೆ ಕಾಣಲ್ಲ. ನೀನು ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲೋ. ಅಂಗಳದಲ್ಲಿ ಎರಡನ್ನೂ ನಿಲ್ಸಿ ಟೈರು ಒದ್ದೆ, ಬಾನೆಟ್ಟು ಎತ್ತಿದೆ. ಕಿಟಕಿಯಿಂದ ನೋಡ್ತಾನೇ ಇದ್ದೆ ನಾನು. 'ದೊಡ್ಡಮ್ಮ, ನಿಮಗ್ಯಾವುದು?' ಅನ್ನೋಕೆ ನಿನ್ನ ನಾಲಿಗೆ ಸವೀತಿತ್ತಾ?"

"ನೀವೂ ಏನೂ ಹೇಳ್ಲಿಲ್ಲ..." ಎಂದು ಬಾಯಿಗೆ ಬಂದದ್ದನ್ನು ಮೆಲ್ಲಣ್ಣ ಅರ್ಧಕ್ಕೇ ನುಂಗಿದ.

"ಹೂಂ, ಹೇಳ್ಲಿಲ್ಲ. ನೀನು ಅಷ್ಟು ಖುಷಿಯಾಗಿ ಓಡಾಡ್ತಿದ್ದೆ. ಗೊತ್ತಿರೋನು ಮಾಡ್ತಿದಾನೆ ಅಂತ ನಂಬಿದ್ದೆ. ಹೋಗು ಈಗ. ನನ್ನ ಮುಂದೆ ನಿಲ್ಲಬೇಡ."

ಅವನು ಹೋದ. ಹೋದದ್ದು ಮನೆಗಲ್ಲ, ಫೋಟೋ ಸ್ಟುಡಿಯೋಗೆ. ಮಡಕೆ ಅಲ್ಲೇ ಹಿತ್ತಲಲ್ಲಿ, ಬಣ್ಣದ ಪರದೆಯ ಮುಂದೆ ನಿಂತಿತ್ತು. ಸ್ಟುಡಿಯೋದವನು ಅದರ ಮೈಗೆ ಹೊಳಪು ಹಾಕಿಸಿದ್ದ, ಆದರೆ ಚಕ್ರಗಳಲ್ಲಿ ಗಾಳಿ ಇರಲಿಲ್ಲ.

"ಇದು ಓಡೋ ಕಾರಲ್ಲಣ್ಣ ಈಗ, ಒರಗೋ ಕಾರು" ಎಂದ ಸ್ಟುಡಿಯೋದವನು. "ಜೋಡಿಗಳು ಬರ್ತಾರೆ, ಒರಗ್ತಾರೆ, ಫೋಟೋ ತೆಗೆಸ್ಕೋತಾರೆ. ತೊಂದ್ರೆ ಏನಂದ್ರೆ, ಇದು ಎತ್ತರ. ಹುಡುಗಿ ಗಿಡ್ಡ ಇದ್ರೆ ಕಾರು ಮಾತ್ರ ಬರತ್ತೆ ಫೋಟೋದಲ್ಲಿ."

ಮೆಲ್ಲಣ್ಣ ಕೇಳಿ ಅಪ್ಪಣೆ ಪಡೆದು ಹಿಂದಿನ ಬಾಗಿಲು ತೆಗೆದ. ಬಗ್ಗದೆಯೇ, ಮನೆಯ ಕುರ್ಚಿಗೆ ಕೂರುವಂತೆ, ಮೊದಲು ಓರೆಯಾಗಿ ಕೂತು ಆಮೇಲೆ ಕಾಲುಗಳನ್ನು ಒಳಗೆ ತಂದುಕೊಂಡ. ಪಾದ ನೆಲಕ್ಕೆ ನೆಟ್ಟಗೆ ಕೂತಿತು. ಮುಂದಿನ ಸೀಟಿನ ಬೆನ್ನಿಗೆ ಉದ್ದಕ್ಕೂ ಒಂದು ಹಗ್ಗದ ಹಿಡಿ ಕಟ್ಟಿತ್ತು. ನಡುವೆ ಅದು ಸವೆದು ನುಣುಪಾಗಿತ್ತು, ಒಂದೇ ಕೈ ಒಂದೇ ಜಾಗದಲ್ಲಿ ಹಿಡಿದು ಹಿಡಿದು. ಅವನು ಇಷ್ಟು ವರ್ಷ ಆ ಸೀಟಿಗೆ ಬೆನ್ನು ಕೊಟ್ಟು ಕೂತಿದ್ದ, ಒರೆಸುವಾಗ ಕಂಡಿದ್ದರೂ ಆ ಹಿಡಿ ಯಾರಿಗೆ ಏಕೆ ಬೇಕೆಂದು ಯೋಚಿಸಿರಲಿಲ್ಲ. ತಲೆ ತಗ್ಗಿಸಿಕೊಂಡು ಅಲ್ಲೇ ಕೂತ.

"ಅಣ್ಣ, ಮಲ್ಗಿಬಿಟ್ಯಾ?" ಎಂದ ಸ್ಟುಡಿಯೋದವನು.

"ಇಲ್ಲಪ್ಪ. ಇದಕ್ಕೆ ಬದಲು ದೋಣಿ ಕೊಟ್ರೆ ತಗೋತೀಯಾ? ಉದ್ದ ಇದೆ, ತಗ್ಗು ಇದೆ. ರೆಕ್ಕೆ ಬೇರೆ ಇದೆ. ಎಂಥ ಗಿಡ್ಡ ಹುಡುಗಿ ನಿಂತ್ರೂ ಕಾಣ್ತಾಳೆ."

ಸ್ಟುಡಿಯೋದವನ ಕಣ್ಣರಳಿತು. ಆದರೆ ಕಾರು ಮೆಲ್ಲಣ್ಣನದಲ್ಲ. ಡಾಕ್ಟರನ್ನು ಕೇಳಬೇಕು. ಕೇಳುವುದೆಂದರೆ ಅಂದಿನ ತನ್ನ ಮಾತು ಸುಳ್ಳೆಂದು ಒಪ್ಪಿಕೊಳ್ಳಬೇಕು.

ಡಾಕ್ಟರು ಆಸ್ಪತ್ರೆಯ ಕೋಣೆಯಲ್ಲಿ ಕೈ ತೊಳೆಯುತ್ತಿದ್ದರು. ಎಲ್ಲ ಕೇಳಿ, "ಅವತ್ತು ನೀನೇ ಅಲ್ವಾ ದೋಣಿ ಅಂದಿದ್ದು?" ಎಂದರು.

"ಅಂದಿದ್ದು ನಾನಲ್ಲ ಡಾಕ್ಟ್ರೇ, ನನ್ನ ಭುಜ."

ಡಾಕ್ಟರು ಟವೆಲ್ಲು ಹಿಡಿದುಕೊಂಡೇ ನಿಂತರು. ಅವರ ಮುಖವೂ ಬಾಡಿತು. "ಅಮ್ಮ ಸುಮ್ನೆ ವಯಸ್ಸು ಅಂತಿದ್ರಲ್ಲೋ. ನಾನೂ ಹೂಂ ಅಂದ್ಬಿಟ್ಟೆ." ಟವೆಲ್ಲನ್ನು ಮೊಳೆಗೆ ಸಿಕ್ಕಿಸಿ ಕೇಳಿದರು. "ಸರಿ, ಮಡಕೆ ವಾಪಸ್ಸು ಬರತ್ತೆ ಅಂತಾನೇ ಇಟ್ಕೊ. ಈಗ ನಿನ್ನ ಭುಜ ಏನನ್ನತ್ತೆ? ಅದನ್ನ ತಿರುಗಿಸೋರ್ಯಾರು?"

ಸ್ಟುಡಿಯೋದಿಂದ ಅಲ್ಲಿಯವರೆಗೆ ನಡೆದು ಬರುವಾಗ ಮೆಲ್ಲಣ್ಣ ಇದನ್ನೇ ಯೋಚಿಸಿದ್ದ. ದೋಣಿ ಉಳಿದರೆ ತಾನೂ ಉಳಿಯುತ್ತಾನೆ. ಮಡಕೆ ಬಂದರೆ ತಾನು ಹೋಗಬೇಕು. ಮನೆಯಲ್ಲಿ ಕೂತು ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ. ಕೂತರೂ ಎಲ್ಲಿ, ಯಾವ ಕುರ್ಚಿಯಲ್ಲಿ ಎಂಬುದೂ ಗೊತ್ತಿರಲಿಲ್ಲ, ಅವನು ಹಗಲು ಹೊತ್ತು ಮನೆಯಲ್ಲಿ ಇದ್ದವನೇ ಅಲ್ಲ.

"ನನ್ನ ಕೈಲಿ ಆಗಲ್ಲ" ಎಂದ. "ಗ್ಯಾರೇಜಿನ ಮೇಸ್ತ್ರಿ ಮಗಳು ಸಾಮಾನಿನ ವ್ಯಾನು ಓಡಿಸ್ತಾಳೆ. ತೋಳಲ್ಲಿ ಬಲ ಇದೆ, ನಿಧಾನಾನೂ ಇದೆ. ನನ್ನ ಕೀಲಿಕೈ ಅವಳಿಗೆ ಕೊಡಿ."

"ಯೋಚ್ನೆ ಮಾಡಿ ಹೇಳ್ತಿದ್ದೀಯಾ?"

"ಈ ಸಲ ಯೋಚ್ನೆ ಮಾಡೇ ಹೇಳ್ತಿದ್ದೀನಿ ಡಾಕ್ಟ್ರೇ."

ದೋಣಿ ಸ್ಟುಡಿಯೋಗೆ ಹೋಯಿತು. ಮೇಸ್ತ್ರಿ ಮಡಕೆಯ ಎಂಜಿನ್ನು ಬಿಚ್ಚಿ, ಬೈದು, ಕಟ್ಟಿ, ಮತ್ತೆ ಬೈದು, ಕೊನೆಗೂ ಎಬ್ಬಿಸಿದ. ಅದು ಹಳದಿ ಗೇಟಿನೊಳಗೆ ಕೆಮ್ಮುತ್ತ ಬಂದು ನಿಂತ ದಿನ ದೊಡ್ಡಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಮೆಲ್ಲಣ್ಣನ ಜೊತೆ ಅಷ್ಟು ದಿನ ಆಕೆ ಎಷ್ಟು ಬೇಕೋ ಅಷ್ಟೇ ಮಾತಾಡಿದ್ದರು, ನೆಟ್ಟಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅವತ್ತು ಕಿಟಕಿಯಿಂದ ತಲೆ ಹೊರಗಿಟ್ಟು, "ನೀನೂ ಹತ್ತು. ತಂಗಿ ಮನೇಲಿ ನಿನ್ನಿಂದ ಒಂದು ಕೆಲಸ ಇದೆ" ಎಂದರು.

ಅವನು ಮುಂದೆ, ಮೇಸ್ತ್ರಿಯ ಮಗಳ ಪಕ್ಕದಲ್ಲಿ ಕೂತ. ಅವಳು ಮಾರುಕಟ್ಟೆಯ ತಿರುವಿನಲ್ಲಿ ತುಟಿ ಬಿಗಿದು ಸ್ಟೀರಿಂಗು ಎಳೆದಾಗ ಅವನ ಭುಜವೂ ತಾನಾಗಿ ಬಿಗಿಯಿತು. "ಮಾವ, ನೀವು ಬ್ರೇಕು ತುಳೀಬೇಡಿ, ಅಲ್ಲಿ ಬ್ರೇಕಿಲ್ಲ" ಎಂದಳು ಅವಳು.

ಬೇಕರಿಯ ಹಿಂದಿನ ಮನೆಯಲ್ಲಿ ತಂಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಕ್ಕನನ್ನು ಕಂಡದ್ದೇ ಮುಖ ಗೋಡೆಯ ಕಡೆ ತಿರುಗಿಸಿದರು. ದೊಡ್ಡಮ್ಮ ಹತ್ತಿರ ಕೂತು ಕೈ ಹಿಡಿದರೆ ಕೈ ಬಿಡಿಸಿಕೊಂಡರು.

"ಈಗ ಬಂದ್ಲು" ಎಂದರು ಗೋಡೆಗೆ. "ನಾನು ಸತ್ತಿದ್ದೀನಾ ಅಂತ ನೋಡೋಕೆ."

ದೊಡ್ಡಮ್ಮ ಕಿವಿಗೆ ಬಾಯಿಟ್ಟು ಏನೋ ಕೂಗಿದರು. ದನಿ ಮೊದಲಿನಂತೆ ಏಳಲಿಲ್ಲ, ಎರಡು ವರ್ಷ ಕೂಗದೆ ಗಂಟಲು ಸಣ್ಣದಾಗಿತ್ತು. ತಂಗಿ ತಲೆಯಾಡಿಸಿದರು, ಕೇಳಲಿಲ್ಲ. ದೊಡ್ಡಮ್ಮ ಬಾಗಿಲ ಕಡೆ ತಿರುಗಿದರು.

"ಬಾರೋ. ನಿಂತ್ಕೊಂಡಿದ್ದು ಸಾಕು. ನಾನ್ಯಾಕೆ ಬರ್ಲಿಲ್ಲ ಅಂತ ನೀನೇ ಹೇಳು ಇವಳಿಗೆ. ನನ್ನ ಗಂಟಲಲ್ಲಿ ಶಕ್ತಿ ಇಲ್ಲ."

ಮೆಲ್ಲಣ್ಣ ಮಂಚದ ಹತ್ತಿರ ಬಂದು ಬಗ್ಗಿದ. ಜೀವಮಾನದಲ್ಲಿ ಹಾರ್ನನ್ನೂ ಜೋರಾಗಿ ಬಾರಿಸಿದವನಲ್ಲ ಅವನು.

"ಅಮ್ಮಾ, ತಪ್ಪು ನಂದು" ಎಂದ.

"ಏನು?"

"ತಪ್ಪು ನಂದು!"

"ಉಪ್ಪು ಯಾಕೆ?"

"ತಪ್ಪು! ನಂದು! ದೊಡ್ಡಮ್ಮಂದಲ್ಲ! ಅವರು ಹತ್ತೋಕಾಗದ ಕಾರನ್ನ ನಾನು ಉಳಿಸ್ಕೊಂಡೆ! ಹತ್ತೋ ಕಾರನ್ನ ಕಳಿಸ್ಬಿಟ್ಟೆ! ಅವರನ್ನ ಕೇಳ್ಲಿಲ್ಲ!"

ಬೇಕರಿಯಲ್ಲಿ ಮಾತು ನಿಂತಿತು. ಬ್ರೆಡ್ಡು ಕೊಳ್ಳಲು ಬಂದಿದ್ದವರು ಹಿತ್ತಲ ಬಾಗಿಲಿನಿಂದ ಇಣುಕಿದರು. ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ತಂಗಿ ಗೋಡೆಯಿಂದ ಮೆಲ್ಲಗೆ ಮುಖ ತಿರುಗಿಸಿ ಮೊದಲು ಅವನನ್ನು, ಆಮೇಲೆ ಅಕ್ಕನನ್ನು ನೋಡಿದರು.

"ಹಾಗಾದ್ರೆ ಸಿಟ್ಟಲ್ವಾ?" ಎಂದರು ಅಕ್ಕನಿಗೆ. "ಕೊನೇ ಸಲ ಬಂದಾಗ ನಾನು ನಿನ್ನ ಮಗನ ಹೆಂಡ್ತೀನ ಆಡ್ಕೊಂಡಿದ್ನಲ್ಲ, ಅದಕ್ಕೇ ನೀನು ಬಿಟ್ಬಿಟ್ಟೆ, ಹುಷಾರಿಲ್ಲ ಅನ್ನೋದು ನೆವ ಅಂದ್ಕೊಂಡೆ. ಹಣ್ಣು ಬಂದಾಗಲೆಲ್ಲ, ಬಾಯಿ ಸುಮ್ನಿಟ್ಕೊಬಾರದಿತ್ತಾ ಮುದುಕಿ, ಅಂತ ನನಗೆ ನಾನೇ ಬೈಕೋತಿದ್ದೆ. ಎರಡು ವರ್ಷ ಬೈಕೊಂಡಿದ್ದೀನಿ ಕಣೇ."

ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೆಲ್ಲಣ್ಣ ಬಾಗಿಲ ಕಡೆ ನೋಡಿದ. ತನ್ನ ಒಂದು ಮಾತು ಅಕ್ಕನ ಸೊಂಟಕ್ಕೆ ಬಿದ್ದದ್ದು ಗೊತ್ತಿತ್ತು. ಅದು ಊರಿನ ಈ ತುದಿಯವರೆಗೂ ಬಂದು, ತಪ್ಪೇ ಮಾಡದ ಇನ್ನೊಬ್ಬ ಮುದುಕಿಯ ಎದೆಯ ಮೇಲೂ ಕೂತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ವಾರವಾರವೂ ಹಣ್ಣಿನ ಚೀಲ ಹಿಡಿದು ಇದೇ ಬಾಗಿಲಿನವರೆಗೆ ಬಂದು, ಒಳಗೆ ಕಾಲಿಡದೆ ಹೋದವನೂ ಅವನೇ.

"ಏನಂದೆ ಆಗ?" ತಂಗಿ ಅವನ ಅಂಗಿ ಹಿಡಿದು ಎಳೆದರು. "ಅರ್ಧ ಕೇಳ್ಲಿಲ್ಲ. ಇನ್ನೊಂದು ಸಲ ಹೇಳು."

ಮೆಲ್ಲಣ್ಣ ಗಂಟಲು ಸರಿಮಾಡಿಕೊಂಡು, ಆಕೆಯ ಮುಖವನ್ನೇ ನೋಡುತ್ತ, ಮೊದಲಿನಿಂದ ಕೂಗಿ ಹೇಳತೊಡಗಿದ.